ಸ್ಟಾರ್ ವಾರ್ಸೋ, ಸ್ಟಾರ್ ಟ್ರೆಕ್ಕೋ: ಚರ್ಚೆಗೆ ಯಾವ ಪಕ್ಷ?

ಸ್ಟಾರ್ ವಾರ್ಸ್, ಸ್ಟಾರ್ ಟ್ರೆಕ್ ಎಂಬ ಎರಡು ವೈಜ್ಞಾನಿಕ ಕಲ್ಪನಾಲೋಕಗಳ ನಡುವೆ ಯುದ್ಧವಾದರೆ ಗೆಲ್ಲುವವರು ಯಾರು ಎಂಬ ಬೀದರಿನ ಕಾಲೇಜು ಚರ್ಚಾಸ್ಪರ್ಧೆಗೆ ಪಕ್ಷ ಆರಿಸಿಕೊಳ್ಳುವವರು ಮೊದಲು ವೇಗವನ್ನು ತೂಗಿ ನೋಡಬೇಕು. 1966ರಲ್ಲಿ ಆರಂಭವಾದ ಸ್ಟಾರ್ ಟ್ರೆಕ್ ಲೋಕದಲ್ಲಿ ವಾಯೇಜರ್ ನೌಕೆ 70,000 ಜ್ಯೋತಿರ್ವರ್ಷ ದಾಟಿ ಮನೆ ಸೇರಲು 75 ವರ್ಷ ಬೇಕೆಂಬ ಲೆಕ್ಕವಿದ್ದರೆ, 1977ರ ಸ್ಟಾರ್ ವಾರ್ಸ್ ಲೋಕದ ಹೈಪರ್‌ಡ್ರೈವ್ (ಬೆಳಕಿಗಿಂತ ವೇಗವಾಗಿ ಒಯ್ಯುವ ಎಂಜಿನ್) ನೌಕೆಗಳಿಗೆ ಅಂಥ ದೂರ ಕೆಲವೇ ದಿನಗಳ ಹಾದಿ. ದಂಡು, ಸರಬರಾಜು ಎರಡೂ ಮೊದಲೇ ತಲುಪುವುದರಿಂದ ದೀರ್ಘ ಯುದ್ಧದ ಗೆಲುವು ಸ್ಟಾರ್ ವಾರ್ಸ್‌ನ ಸಾಮ್ರಾಜ್ಯದ್ದೇ.

ಆದರೆ ಒಂದು ಗ್ರಹವನ್ನೇ ಪುಡಿಗಟ್ಟಿದ ಡೆತ್ ಸ್ಟಾರ್ ಎಂಬ ಸಾಮ್ರಾಜ್ಯದ ದೈತ್ಯ ಯುದ್ಧನೆಲೆ ಬರೀ ಎರಡು ಮೀಟರ್ ಅಗಲದ ಬಿಸಿಗಾಳಿ ಕಿಂಡಿಯೊಳಗೆ ಬಿದ್ದ ಹೊಡೆತದಿಂದ ನಾಶವಾಯಿತು. ಬಂಡೆ ಕೊರೆದು ಮೂರು ಸಾಲಿನ ಕಂದಕ ತೋಡಿಸಿದ ಬೀದರ್ ಕೋಟೆಯವರು ಇದನ್ನು ಕಂಡಿದ್ದರೆ ನಕ್ಕಿರುತ್ತಿದ್ದರು. ಟ್ರೆಕ್ ಪಕ್ಷದವರು ವಸ್ತುಗಳನ್ನು ಕ್ಷಣದಲ್ಲಿ ಬೇರೆಡೆಗೆ ಸಾಗಿಸುವ ಟ್ರಾನ್ಸ್‌ಪೋರ್ಟರ್ ಯಂತ್ರದ ಮೂಲಕ ಶತ್ರುನೌಕೆಯೊಳಗೆ ಬಾಂಬ್ ಇಡಬಹುದೆಂದು ವಾದಿಸಬಹುದಾದರೂ, ರಕ್ಷಾಕವಚ ಏರಿಸಿದ ನೌಕೆಗೆ ಸಾಮಾನ್ಯವಾಗಿ ಆ ಯುಕ್ತಿ ನಡೆಯದು. ನಾನಾದರೆ ಸಾಮ್ರಾಜ್ಯದ ಪಕ್ಷ ಹಿಡಿದು, ಕಿಂಡಿಯ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಳ್ಳುತ್ತೇನೆ.