ಆರು ಮಳೆಗಾಲ ಓದಿದ ಇ-ರೀಡರ್: ಹುಡುಕಿದರೂ ಸಿಗದ ಒರೊಮೆ

2018ರ ಆಗಸ್ಟ್ ಮಳೆಯಲ್ಲಿ ನಮ್ಮ ಮನೆಯ ಹಿಂಬದಿಯ ಹಂಚು ಜಾರಿ, ಅಟ್ಟದ ಕೆಳಗಿದ್ದ ಪುಸ್ತಕದ ಕಪಾಟು ಒಂದೇ ರಾತ್ರಿಯಲ್ಲಿ ನೆನೆದು ಹೋಯಿತು. ಅದೇ ತಿಂಗಳು ಕೊಡಗಿನಲ್ಲಿ ಮನೆಯನ್ನೂ ತೋಟವನ್ನೂ ಮನೆಯವರನ್ನೂ ಕಳೆದುಕೊಂಡವರಿದ್ದಾರೆ. ಅವರ ಮುಂದೆ ಇದು ಹೇಳಿಕೊಳ್ಳುವ ನಷ್ಟವಲ್ಲ. ಆದರೆ ಕಾಲೇಜಿನ ದಿನಗಳಿಂದ ನನ್ನ ಜೊತೆಗಿದ್ದ, ಇಂಗ್ಲಿಷ್ ಲೇಖಕ ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಕಲ್ಪಿತ ಲೋಕದ ಕಾದಂಬರಿಯ ಮೂರು ಸಂಪುಟಗಳು ಬೂಷ್ಟು ಹಿಡಿದು, ಹಾಳೆಗೆ ಹಾಳೆ ಅಂಟಿಕೊಂಡು, ಒಲೆಯ ಪಕ್ಕ ವಾರಗಟ್ಟಲೆ ಇಟ್ಟರೂ ಬಿಡಿಸಲು ಬಾರದಂತಾದಾಗ, ನಾಪೋಕ್ಲು ಕಡೆಯ ಹವೆಯಲ್ಲಿ ಕಾಗದದ ಪುಸ್ತಕವನ್ನು ಮತ್ತೆ ನಂಬಲು ಮನಸ್ಸು ಬರಲಿಲ್ಲ. ಮರುವರ್ಷದ ಏಪ್ರಿಲ್‌ನಲ್ಲಿ ಕಾಳುಮೆಣಸು ಮಾರಿ ಬಂದ ಹಣದಿಂದ ಹತ್ತು ಸಾವಿರದೊಳಗಿನ ಒಂದು ಇ-ರೀಡರ್ ಕೊಂಡೆ. ಅದರ ಪರದೆಯ ಅಳತೆ, ತೂಕ, ಎಷ್ಟು ಪುಸ್ತಕ ಹಿಡಿಯುತ್ತದೆ ಎಂಬುದೆಲ್ಲ ಡಬ್ಬಿಯ ಮೇಲೆಯೇ ಇದೆ. ನಾನು ಹೇಳಬೇಕಾಗಿರುವುದು ಅದರ ಒಂದೇ ಒಂದು ಸೌಲಭ್ಯದ ಕುರಿತು. ಪದವೊಂದನ್ನು ಕೊಟ್ಟರೆ ಅದು ಪುಸ್ತಕದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುವ ಹುಡುಕಾಟ ಈ ಆರು ಮಳೆಗಾಲಗಳಲ್ಲಿ ನನಗೆ ಕೊಟ್ಟ ಸುಖಕ್ಕೆ ಲೆಕ್ಕವಿಲ್ಲ. ನನ್ನನ್ನು ದಾರಿ ತಪ್ಪಿಸಿದ್ದೂ ಅದೇ.

ನಮ್ಮಲ್ಲಿ ಜೂನ್ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಸಂಜೆಗಳು ಬಹಳ ಉದ್ದ. ಭಾಗಮಂಡಲದ ರಸ್ತೆಯ ಮೇಲೆ ನೀರು ಬಂದಿತೆಂದರೆ ಬಸ್ಸು ನಿಲ್ಲುತ್ತದೆ, ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಮೂರು ನಾಲ್ಕು ದಿನ ಇರುವುದಿಲ್ಲ, ಫೋನಿನ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ. ಅಂಥ ಸಂಜೆ ದನಗಳಿಗೆ ಹುಲ್ಲು ಹಾಕಿ, ಕೈಕಾಲು ತೊಳೆದು, ಬೆಲ್ಲದ ಕಾಫಿಯ ಲೋಟ ಹಿಡಿದು ಅಡುಗೆಮನೆಯ ಒಲೆಯ ಮುಂದಿನ ಮಣೆಯ ಮೇಲೆ ಕುಳಿತುಕೊಳ್ಳುತ್ತೇನೆ. ಇ-ರೀಡರ್ ಇರುವುದು ಅಕ್ಕಿ ಡಬ್ಬದೊಳಗೆ, ಬಟ್ಟೆಯ ಚೀಲದಲ್ಲಿ ಸುತ್ತಿ. ತೇವ ತಾಗದಿರಲಿ ಎಂದು ಅಮ್ಮ ಮಾಡಿಕೊಟ್ಟ ಏರ್ಪಾಡು ಅದು. ಹೊರಗೆ ತೆಗೆದಾಗ ಅದರ ಬೆನ್ನಿಗೆ ಅಕ್ಕಿಯ ನವಿರು ಹುಡಿ ಅಂಟಿರುತ್ತದೆ. ಅದನ್ನು ಪಂಚೆಯ ಅಂಚಿನಿಂದ ಒರೆಸಿ, ಬೆರಳನ್ನು ಒಲೆಯ ಶಾಖಕ್ಕೆ ಹಿಡಿದು ಒಣಗಿಸಿಕೊಂಡ ಮೇಲೆಯೇ ಪರದೆಯನ್ನು ಮುಟ್ಟಬೇಕು, ಏಕೆಂದರೆ ಒದ್ದೆ ಬೆರಳನ್ನು ಅದು ಗುರುತಿಸುವುದಿಲ್ಲ ಮತ್ತು ಸೂರಿನಿಂದ ಒಂದು ಹನಿ ಬಿದ್ದರೆ ಪುಟ ತಾನಾಗಿ ಮಗುಚಿಕೊಳ್ಳುತ್ತದೆ. ಕಕ್ಕಡದ ಹದಿನೆಂಟನೆಯ ದಿನ ಮದ್ದು ಸೊಪ್ಪಿನ ಪಾಯಸ ಉಂಡು, ಹೊರಗೆ ಏನೂ ಕೇಳಿಸದಷ್ಟು ಮಳೆ ಸುರಿಯುತ್ತಿರುವಾಗ, ಮೋರಿಯಾ ಎಂಬ ನೆಲದಡಿಯ ಗಣಿಯ ಕತ್ತಲೆಯ ಅಧ್ಯಾಯಗಳನ್ನು ಓದುವುದು ನಮ್ಮ ಮನೆಯಲ್ಲಿ ಈಗ ಪ್ರತಿ ವರ್ಷದ ಪದ್ಧತಿಯಾಗಿದೆ.

ಹುಡುಕಾಟದ ರುಚಿ ಹತ್ತಿಸಿದವನು ಮೈಸೂರಿನಲ್ಲಿ ಓದುತ್ತಿದ್ದ ನನ್ನ ಅಣ್ಣನ ಮಗ. ಅವನು ಮೊದಲು ಸಿನಿಮಾ ನೋಡಿದವನು. ಆಮೇಲೆ ಆ ಲೋಕದ ಮಾಂತ್ರಿಕತೆಯ ಬಗ್ಗೆ, ವಂಶಾವಳಿಗಳ ಬಗ್ಗೆ ಅಭಿಮಾನಿಗಳು ಕಟ್ಟುವ ಊಹೆಗಳನ್ನು ವಿಡಿಯೋಗಳಲ್ಲಿ ಕೇಳಿ ಕೇಳಿ ನನಗೆ ಕಳುಹಿಸುತ್ತಿದ್ದ. ಕಥೆಯ ನಾಯಕ ಫ್ರೋಡೊ ಶತ್ರುವಿನ ಉಂಗುರವನ್ನು ನಾಶಮಾಡಲು ಬೆಂಕಿಬೆಟ್ಟದವರೆಗೆ ಕಷ್ಟಪಟ್ಟು ನಡೆದು ಹೋಗುತ್ತಾನೆ. “ಚಿಕ್ಕಪ್ಪ, ಹದ್ದುಗಳ ಬೆನ್ನ ಮೇಲೆ ಕುಳಿತು ಉಂಗುರವನ್ನು ನೇರವಾಗಿ ಬೆಟ್ಟಕ್ಕೆ ಎಸೆದು ಬರಬಹುದಿತ್ತಲ್ಲ, ನೀವು ಏನು ಹೇಳುತ್ತೀರಿ?” ಎಂಬುದು ಅವನ ಮೊದಲ ಪ್ರಶ್ನೆ. ಮೊದಲಾಗಿದ್ದರೆ ನಾನು ನೆನಪಿನಿಂದಲೇ ಉತ್ತರ ಕೊಡುತ್ತಿದ್ದೆ. ಈ ಸಲ ಹದ್ದಿನ ಹೆಸರಾದ ಗ್ವಾಯ್‌ಹಿರ್ ಎಂದು ಕೊಟ್ಟು ಹುಡುಕಿದೆ. ಎಲ್ಫ್ ಎಂಬ ಅಮರ ಜನಾಂಗದ ಒಡೆಯ ಎಲ್ರಾಂಡನ ಸಭೆಯಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಹೇಳುವ ವೃತ್ತಾಂತ ಎದುರಿಗೆ ಬಂತು: ಆರ್ಥಾಂಕ್ ಗೋಪುರದಿಂದ ತನ್ನನ್ನು ಬಿಡಿಸಿದ ಹದ್ದನ್ನು ಎಷ್ಟು ದೂರ ಹೊರಬಲ್ಲೆ ಎಂದು ಅವನು ಕೇಳುತ್ತಾನೆ, ಬಹಳ ಹರದಾರಿ ಹೊರಬಲ್ಲೆ, ಆದರೆ ಭೂಮಿಯ ಕೊನೆಯವರೆಗೆ ಅಲ್ಲ, ತನ್ನನ್ನು ಕಳುಹಿಸಿದ್ದು ಸುದ್ದಿ ತರುವುದಕ್ಕೆ, ಹೊರೆ ಹೊರುವುದಕ್ಕಲ್ಲ ಎಂಬರ್ಥದಲ್ಲಿ ಅದು ಉತ್ತರಿಸುತ್ತದೆ. ವಾದ ಇದರಿಂದ ಪೂರ್ತಿ ಮುಗಿಯಿತೆಂದು ನಾನು ಹೇಳಲಾರೆ, ಏಕೆಂದರೆ ಉಂಗುರ ನಾಶವಾದ ಮೇಲೆ ಅದೇ ಹದ್ದುಗಳು ಫ್ರೋಡೊ ಮತ್ತು ಅವನ ಸಂಗಾತಿ ಸ್ಯಾಮ್‌ರನ್ನು ಬೆಟ್ಟದಿಂದ ಎತ್ತಿಕೊಂಡು ಬರುತ್ತವೆ. ಆದರೆ ಹದ್ದು ಯಾರ ಸವಾರಿಗೂ ಕಟ್ಟಿಹಾಕಿದ ಪ್ರಾಣಿಯಲ್ಲ, ಅದಕ್ಕೆ ಕಳುಹಿಸಿದವರಿದ್ದಾರೆ, ಅದರದೇ ಆದ ಕೆಲಸವಿದೆ ಎಂಬುದನ್ನು ಗ್ರಂಥವೇ ತನ್ನ ಬಾಯಿಂದ ಹೇಳಿದ್ದನ್ನು ಕಂಡು ಆ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ.

ಮುಂದಿನದು ಬೆಂಕಿ ಮತ್ತು ನೆರಳಿನ ಭೂತವಾದ ಬಾಲ್ರಾಗ್‌ಗೆ ರೆಕ್ಕೆಗಳಿದ್ದವೇ ಎಂಬ ಹಳೆಯ ಜಗಳ. ಮೋರಿಯಾದ ಇನ್ನೊಂದು ಹೆಸರಾದ ಖಜಾದ್-ದೂಮ್‌ನ ಸೇತುವೆಯ ಅಧ್ಯಾಯದಲ್ಲಿ ಅದರ ಸುತ್ತಲಿನ ನೆರಳು ಎರಡು ದೊಡ್ಡ ರೆಕ್ಕೆಗಳಂತೆ ಚಾಚಿಕೊಂಡಿತು ಎಂದು ಮೊದಲು ಬರುತ್ತದೆ. ಸ್ವಲ್ಪ ಮುಂದೆ ‘ಅಂತೆ’ ಎಂಬುದು ಬಿಟ್ಟುಹೋಗಿ, ಅದರ ರೆಕ್ಕೆಗಳು ಗೋಡೆಯಿಂದ ಗೋಡೆಗೆ ಹರಡಿದವು ಎಂದು ಬರುತ್ತದೆ. ಒಂದು ಪಕ್ಷದವರು ಮೊದಲ ವಾಕ್ಯವನ್ನು ಹಿಡಿಯುತ್ತಾರೆ, ಇನ್ನೊಂದು ಪಕ್ಷದವರು ಎರಡನೆಯದನ್ನು. ನಾನು ‘ರೆಕ್ಕೆ’ ಎಂಬುದಕ್ಕೆ ಇರುವ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಕೊಟ್ಟು, ಬಂದ ಪಟ್ಟಿಯನ್ನು ನಾಲ್ಕು ಸಂಜೆ ಕುಳಿತು ಪೂರ್ತಿ ಓದಿದೆ. ಶತ್ರುವಿನ ಸೇವಕ ಪ್ರೇತಗಳಾದ ನಾಜ್‌ಗೂಲರ ಒಡೆಯನು ಪೆಲೆನ್ನೋರ್ ಬಯಲಿನಲ್ಲಿ ಏರಿ ಬರುವ ಪ್ರಾಣಿಯ ರೆಕ್ಕೆಯನ್ನು ಲೇಖಕರು ಕೊಂಬಿನಂಥ ಬೆರಳುಗಳ ನಡುವೆ ಚಾಚಿದ ತೊಗಲಿನ ಜಾಲವೆಂದು, ಬಾವಲಿಯನ್ನು ಕೈಯಲ್ಲಿ ಹಿಡಿದು ನೋಡಿದಂತೆ ವರ್ಣಿಸುತ್ತಾರೆ. ಮೈಯಿರುವ ರೆಕ್ಕೆಯನ್ನು ಬರೆಯಬೇಕಾದಾಗ ಅವರು ಹೀಗೆ ಬರೆಯುತ್ತಾರೆ. ಬಾಲ್ರಾಗ್‌ನ ರೆಕ್ಕೆಗೆ ತೊಗಲೂ ಇಲ್ಲ, ಎಲುಬೂ ಇಲ್ಲ. ಹಾಗಾಗಿ ಅದು ನೆರಳೇ ಎಂಬ ಪಕ್ಷಕ್ಕೆ ನಾನು ಸೇರಿದೆ. ಕಾಗದದ ಪುಸ್ತಕದಲ್ಲಿ ನೂರಾರು ಪುಟ ದೂರದಲ್ಲಿರುವ ಎರಡು ವರ್ಣನೆಗಳನ್ನು ಒಂದೇ ಪರದೆಯ ಮೇಲೆ ಮೇಲೆ-ಕೆಳಗೆ ಇಟ್ಟು ತೋರಿಸಿದ್ದಕ್ಕೆ ಈ ಯಂತ್ರಕ್ಕೆ ನಾನು ಇಂದಿಗೂ ಕೃತಜ್ಞ.

ಅದೇ ಸೇತುವೆಯ ಮೇಲೆ ಗ್ಯಾಂಡಾಲ್ಫ್ ತನ್ನನ್ನು ಗುಪ್ತಾಗ್ನಿಯ ಸೇವಕನೆಂದೂ ಅನೋರ್‌ನ ಜ್ವಾಲೆಯನ್ನು ಹಿಡಿದವನೆಂದೂ ಹೇಳಿಕೊಳ್ಳುತ್ತಾನಲ್ಲ, ಆ ಜ್ವಾಲೆ ಅವನ ಕೈಯಲ್ಲಿದ್ದ ಕೆಂಪು ಹರಳಿನ ಅಗ್ನಿಯ ಉಂಗುರ ನಾರ್ಯವೇ ಎಂಬ ಊಹೆಯೂ ಬಹಳ ಜನಪ್ರಿಯ. ಹುಡುಕಿದರೆ ‘ಅನೋರ್’ ಮತ್ತೆ ಸಿಗುವುದು ಮಿನಾಸ್ ಅನೋರ್ ಎಂಬ ನಗರದ ಹೆಸರಿನಲ್ಲಿ, ಮುಳುಗುವ ಸೂರ್ಯನ ಗೋಪುರವೆಂಬ ಅರ್ಥದಲ್ಲಿ. ಅಂದರೆ ಅದು ಸೂರ್ಯನ ಹೆಸರು. ಎದುರಿಗಿರುವವನ ಕಪ್ಪು ಬೆಂಕಿಗೆ ಇವನು ಸೂರ್ಯನ ಬೆಂಕಿಯನ್ನು ಒಡ್ಡುತ್ತಾನೆ ಎಂದು ಓದಿದರೆ ಮಾತು ಇನ್ನೂ ದೊಡ್ಡದಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಉಂಗುರದ ಊಹೆ ಅದನ್ನು ಸಣ್ಣದು ಮಾಡುತ್ತದೆ. ಈ ಲೋಕದಲ್ಲಿ ಮಂತ್ರವೆಂದರೇನು ಎಂದು ಪಟ್ಟಿ ಮಾಡಿ ನಿಯಮ ಕಟ್ಟುವವರಿಗೆ ನಾನು ತೋರಿಸುವುದು ಎಲ್ಫ್‌ಗಳ ಒಡತಿ ಗ್ಯಾಲಡ್ರಿಯೆಲ್‌ಳ ಕನ್ನಡಿಯ ಅಧ್ಯಾಯವನ್ನು. ಜನ ಮಂತ್ರ ಎಂದು ಯಾವುದನ್ನು ಕರೆಯುತ್ತಾರೋ ತನಗೆ ಸ್ಪಷ್ಟವಾಗಿ ತಿಳಿಯದು, ಶತ್ರುವಿನ ಮೋಸಕ್ಕೂ ಅವರು ಅದೇ ಪದವನ್ನು ಬಳಸುತ್ತಾರಲ್ಲ ಎಂದು ಅವಳೇ ಅಲ್ಲಿ ಹೇಳುತ್ತಾಳೆ.

ಇಷ್ಟರವರೆಗೆ ಬರೆದು ನಿಲ್ಲಿಸಿದ್ದರೆ ಇದು ಬರೀ ಹೊಗಳಿಕೆಯಾಗುತ್ತಿತ್ತು. ಮೂರನೆಯ ಮಳೆಗಾಲದಲ್ಲಿ ಅಣ್ಣನ ಮಗ ನೀಲಿ ಮಾಂತ್ರಿಕರ ಕುರಿತು ಒಂದು ಊಹೆ ಕಳುಹಿಸಿದ. ಮುಖ್ಯ ಕಥೆಯಲ್ಲಿ ಅವರ ಹೆಸರೂ ಇಲ್ಲ. ಗ್ಯಾಂಡಾಲ್ಫ್‌ನು ದ್ರೋಹಿ ಮಾಂತ್ರಿಕ ಸಾರುಮಾನನನ್ನು ಹಂಗಿಸುವಾಗ ಐವರು ಮಾಂತ್ರಿಕರ ದಂಡಗಳೆಂದು ಅನ್ನುವುದರಿಂದ ಕಥೆಯಲ್ಲಿ ಕಾಣಿಸುವ ಮೂವರಲ್ಲದೆ ಇನ್ನಿಬ್ಬರು ಇದ್ದಿರಬೇಕೆಂದು ಓದುಗರು ತಿಳಿಯಬೇಕು. ಅವರ ಹೆಸರುಗಳು ಅಲಟಾರ್ ಮತ್ತು ಪಲ್ಲಾಂಡೊ ಎಂಬುದು ಲೇಖಕರ ಮರಣಾನಂತರ 1980ರಲ್ಲಿ ಬಂದ ಟಿಪ್ಪಣಿಗಳಿಂದ ತಿಳಿಯಿತು. ಅವರಲ್ಲಿ ಅಲಟಾರ್‌ನನ್ನು ಆರಿಸಿದವನು ಬೇಟೆಯ ದೇವತೆ ಒರೊಮೆ. ಆದ್ದರಿಂದ ಒರೊಮೆಯ ಸುಳಿವು ಮೂರು ಸಂಪುಟಗಳ ಕಥೆಯೊಳಗೇ ಎಲ್ಲಾದರೂ ಇದೆಯೇ ಎಂಬುದು ಅಣ್ಣನ ಮಗನ ಪ್ರಶ್ನೆ. ನಾನು ಹೆಸರು ಕೊಟ್ಟು ಹುಡುಕಿದೆ. ಫಲಿತಾಂಶ ಸೊನ್ನೆ. ಎರಡನೆಯ ಸಲ ಹುಡುಕಿದೆ, ಆಗಲೂ ಸೊನ್ನೆ. ಇಡೀ ಗ್ರಂಥದಲ್ಲಿ ಒರೊಮೆಯ ಹೆಸರೇ ಇಲ್ಲ, ಈ ಎಳೆಯನ್ನು ಬಿಟ್ಟುಬಿಡು ಎಂದು ಅವನಿಗೆ ಬರೆದೆ. ಅವನು ನನ್ನ ಮಾತನ್ನು ನಂಬಿ ಬಿಟ್ಟುಬಿಟ್ಟ.

ನಾಲ್ಕು ತಿಂಗಳ ನಂತರ ಮೈಸೂರಿನ ಗ್ರಂಥಾಲಯದ ಕಾಗದದ ಪ್ರತಿಯ ಒಂದು ಪುಟದ ಚಿತ್ರ ಅವನಿಂದ ಬಂತು. ಕುದುರೆ ಸವಾರರ ನಾಡಾದ ರೋಹನ್ನಿನ ಮುದಿ ದೊರೆ ಥೇಯೊಡೆನ್ ಬೆಳಗಿನ ಜಾವ ಕುದುರೆ ನುಗ್ಗಿಸುವ ಭಾಗ ಅದು. ಲೋಕವಿನ್ನೂ ಎಳೆಯದಾಗಿದ್ದಾಗ ದೇವತೆಗಳ ಯುದ್ಧದಲ್ಲಿ ಕಾಣಿಸಿದ ಮಹಾ ಒರೊಮೆಯಂತೆ ಅವನು ಕಾಣಿಸಿದ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ನಾನು ಹತ್ತಾರು ಸಲ ಓದಿ, ಓದಿದಾಗಲೆಲ್ಲ ಗಂಟಲು ಕಟ್ಟಿದ ಪುಟ. ಕಾರಣ ತಿಳಿಯಲು ಒಂದು ದಿನ ಬೇಕಾಯಿತು: ಅಚ್ಚಿನಲ್ಲಿ ಆ ಹೆಸರಿನ ಕೊನೆಯ ಅಕ್ಷರದ ಮೇಲೆ ಎರಡು ಚುಕ್ಕೆಗಳಿವೆ, ನನ್ನ ಯಂತ್ರಕ್ಕೆ ಚುಕ್ಕೆಯಿರುವ ಅಕ್ಷರ ಬೇರೆ, ಇಲ್ಲದ ಅಕ್ಷರ ಬೇರೆ. ಅದರ ಕೀಲಿಮಣೆಯಲ್ಲಿ ಆ ಚುಕ್ಕೆಯ ಅಕ್ಷರ ಬೇಕೆಂದರೆ ಒತ್ತಿ ಹಿಡಿಯಬೇಕು ಎಂಬುದನ್ನು ಕೈಪಿಡಿಯಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಎಲ್ಫ್‌ಗಳ ಭಾಷೆಯ ಹೆಸರುಗಳಲ್ಲಿ ಚುಕ್ಕೆ, ಗೀಟು, ಟೋಪಿಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಅಂದರೆ ಮೂರು ವರ್ಷ ನಾನು ‘ಇಲ್ಲ’ ಎಂದು ಹೇಳಿದ ಎಷ್ಟೋ ಸಂಗತಿಗಳು ಇದ್ದವು. ಮಾರಿದ ಸಂಸ್ಥೆಗೆ ಬರೆದೆ. ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿರಿ ಎಂಬ ಉತ್ತರ ಬಂತು. ಎರಡನೆಯ ಪತ್ರಕ್ಕೆ ಉತ್ತರವೇ ಬರಲಿಲ್ಲ. ಆಮೇಲೆ ಬಂದ ಯಾವ ಅಪ್‌ಡೇಟ್‌ನಲ್ಲಿಯೂ ಅದು ಸರಿಯಾಗಿಲ್ಲ. ಸಾಮಾನ್ಯ ಕಾದಂಬರಿ ಓದುವವರಿಗೆ ಇದು ತಿಳಿಯುವುದೇ ಇಲ್ಲ. ಆದರೆ ಇಲ್ಲದಿರುವುದನ್ನು ‘ಇಲ್ಲ’ ಎನ್ನುವ ಹಾಗೆಯೇ ಇರುವುದನ್ನೂ ‘ಇಲ್ಲ’ ಎಂದು ಅದೇ ಧೈರ್ಯದಿಂದ ಹೇಳುವ ಸಾಧನವನ್ನು ಮಾರುವುದು ಓದುಗರಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಚುಕ್ಕೆಯನ್ನು ಸರಿಪಡಿಸಿಕೊಂಡರೂ ಮುಗಿಯುವುದಿಲ್ಲ ಎಂಬುದು ಆಮೇಲೆ ಅರಿವಾಯಿತು. ಅನುಬಂಧಗಳಲ್ಲಿ ಅದೇ ಒರೊಮೆ ಅರಾವ್ ಎಂಬ ಹೆಸರಿನಿಂದ ಬರುತ್ತಾನೆ. ರೋಹನ್ನಿನವರ ಕುದುರೆಗಳ ಮೂಲ ಹೇಳುವಲ್ಲಿ ಬೇಮ ಎಂದು ಬರುತ್ತಾನೆ. ಹೆಸರು ಮೂರು, ದೇವತೆ ಒಬ್ಬನೇ. ಯಂತ್ರ ಅಕ್ಷರಗಳನ್ನು ಬಲ್ಲದು, ದೇವತೆಯನ್ನು ಬಲ್ಲದು ಹೇಗೆ? ಇದು ಕೊಡಗಿನವರಿಗೆ ಬೇಗ ಅರ್ಥವಾಗುವ ಮಾತು. ಬ್ರಿಟಿಷರ ಕಾಲದ ಕಡತಗಳಲ್ಲಿ ಮಡಿಕೇರಿ ಎಂದು ಹುಡುಕಿದರೆ ಆ ಊರು ಸಿಗುವುದಿಲ್ಲ, ಮರ್ಕೆರ ಎಂದು ಹುಡುಕಬೇಕು. ಕೊಡಗು ಎಂದರೆ ಸಿಗದು, ಕೂರ್ಗ್ ಎನ್ನಬೇಕು. ಕುಶಾಲನಗರವನ್ನು ಹುಡುಕುವವರು ಫ್ರೇಸರ್‌ಪೇಟೆಯನ್ನು ಕೇಳಬೇಕು. ಹಳೆಯ ಹೆಸರು ಗೊತ್ತಿಲ್ಲದವರಿಗೆ ಊರೇ ಇರಲಿಲ್ಲ ಎಂದು ತೋರುತ್ತದೆ.

ಆಗ ಕೋಪದಲ್ಲಿ ಈ ಯಂತ್ರವನ್ನು ಮಾರಿಬಿಡಬೇಕೆಂದುಕೊಂಡಿದ್ದೆ. ಆ ವರ್ಷ ಕೈಯಲ್ಲಿ ಹಣವಿರಲಿಲ್ಲ, ಹೊಸದನ್ನು ಕೊಳ್ಳುವ ಹಾಗಿರಲಿಲ್ಲ, ಹಾಗಾಗಿ ಇಟ್ಟುಕೊಂಡೆ. ನಾಪೋಕ್ಲಿನ ಅಂಗಡಿಯಿಂದ ಇನ್ನೂರು ಪುಟದ ಗೀಟಿನ ನೋಟ್‌ಬುಕ್ಕು ತಂದು, ಒಂದೊಂದು ಹೆಸರಿಗೂ ಒಂದು ಪುಟ ಬಿಟ್ಟು, ಅದರ ಎಲ್ಲ ರೂಪಗಳನ್ನೂ, ಚುಕ್ಕೆ ಗೀಟುಗಳ ಸಮೇತ, ಬರುವ ಅಧ್ಯಾಯಗಳನ್ನೂ ಬರೆಯತೊಡಗಿದೆ. ಮೊದಲ ಸಂಜೆ ಬೇಸರದಿಂದ ಕೂತವನು ಹತ್ತನೆಯ ಸಂಜೆಗೆ ಅದನ್ನು ಬಿಟ್ಟು ಏಳಲಾರದವನಾಗಿದ್ದೆ. ಸ್ವಲ್ಪ ದಿನದಲ್ಲಿ ಇನ್ನೊಂದು ಗೀಟು ಎಳೆದು ಇಸವಿಗೂ ಜಾಗ ಮಾಡಿದೆ, ಏಕೆಂದರೆ ಲೇಖಕರು ಮನಸ್ಸು ಬದಲಿಸುತ್ತಲೇ ಇದ್ದವರು. ನೀಲಿ ಮಾಂತ್ರಿಕರು ತಮ್ಮ ಕೆಲಸದಲ್ಲಿ ಸೋತು ಪೂರ್ವದಲ್ಲಿ ಗುಪ್ತ ಪಂಥಗಳಿಗೆ ಮೂಲವಾಗಿರಬಹುದೆಂದು 1958ರ ಪತ್ರದಲ್ಲಿ ಅವರು ಶಂಕಿಸುತ್ತಾರೆ. ಬದುಕಿನ ಕೊನೆಯಲ್ಲಿ ಬರೆದು 1996ರಲ್ಲಿ ಪ್ರಕಟವಾದ ಟಿಪ್ಪಣಿಯಲ್ಲಿ ಅವರಿಬ್ಬರೂ ಇನ್ನೂ ಮುಂಚಿನ ಯುಗದಲ್ಲೇ ಬಂದು, ಪೂರ್ವದ ಶತ್ರುಬಲವನ್ನು ಒಡೆದು ದುರ್ಬಲಗೊಳಿಸಿದವರಾಗುತ್ತಾರೆ. ಬಾಲ್ರಾಗ್‌ಗಳೂ ಹಾಗೆಯೇ: ಮೊದಲ ಕಥೆಗಳಲ್ಲಿ ದಂಡುಗಟ್ಟಿ ಬರುವ ಅವು ಕೊನೆಯ ಟಿಪ್ಪಣಿಯಲ್ಲಿ ಮೂರು, ಹೆಚ್ಚೆಂದರೆ ಏಳಕ್ಕೆ ಇಳಿಯುತ್ತವೆ. ಎರಡು ಊಹೆಗಳು ಹೊಡೆದಾಡುವಾಗ ಅನೇಕ ವೇಳೆ ಇಬ್ಬರೂ ಸರಿಯೇ ಇರುತ್ತಾರೆ, ಬೇರೆ ಬೇರೆ ಇಸವಿಗಳಲ್ಲಿ.

ಕಥೆಯಲ್ಲಿ ಕಾಡಿನ ಪಕ್ಕ ವಾಸಿಸುವ ಟಾಮ್ ಬಾಂಬಡಿಲ್‌ನ ಪುಟ ಮಾತ್ರ ಬಹುತೇಕ ಖಾಲಿಯಾಗಿದೆ. ಉಂಗುರ ತೊಟ್ಟರೂ ಮಾಯವಾಗದ ಅವನು ಪರಮಾತ್ಮನೇ, ಇಲ್ಲ, ದೇವತೆಗಳಲ್ಲಿ ಒಬ್ಬನೇ ಎಂದು ಊಹೆಗಳು ಬರುತ್ತಲೇ ಇರುತ್ತವೆ. ಪುರಾಣಕಾಲದಲ್ಲಿಯೂ ಕೆಲವು ಒಗಟುಗಳು ಇರಲೇಬೇಕು, ಬಾಂಬಡಿಲ್ ಬೇಕೆಂದೇ ಇಟ್ಟ ಅಂಥ ಒಂದು ಒಗಟು ಎಂಬರ್ಥದಲ್ಲಿ ಲೇಖಕರು 1954ರ ಪತ್ರವೊಂದರಲ್ಲಿ ಬರೆದಿದ್ದಾರೆ. ನಮ್ಮ ತೋಟದ ಅಂಚಿನಲ್ಲಿ ದೇವರಕಾಡು ಇದೆ. ಅಲ್ಲಿಂದ ಸೌದೆ ತರುವುದಿಲ್ಲ, ಒಳಗೆ ಏನಿದೆ ಎಂದು ಯಾರೂ ಅಳೆಯಲು ಹೋಗುವುದಿಲ್ಲ. ಆ ಪುಟದ ಮುಂದೆ ಕುಳಿತಾಗ ನನಗೆ ನೆನಪಾಗುವುದು ಆ ಕಾಡು.

ಉಳಿದ ಮಾತುಗಳು ಕೆಲವೇ. ಈ ಪರದೆಯಲ್ಲಿ ಭೂಪಟ ಓದಲು ಬರುವುದಿಲ್ಲ; ಮಡಿಕೇರಿಯಲ್ಲಿ ದೊಡ್ಡ ಹಾಳೆಗೆ ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದ್ದೇನೆ. ಮೊದಲು ಮೂರು ವಾರ ಬರುತ್ತಿದ್ದ ಬ್ಯಾಟರಿ ಈಗ ಒಂಬತ್ತು ಹತ್ತು ದಿನಕ್ಕೆ ಇಳಿದಿದೆ, ಆದರೂ ನಮ್ಮ ಕರೆಂಟು ಹೋಗುವ ಅವಧಿಗೆ ಅದು ಸಾಕು. ನನ್ನಂತೆ ಮಳೆನಾಡಿನಲ್ಲಿದ್ದು, ಕೈಯಲ್ಲಿ ಹೆಚ್ಚು ಹಣವಿಲ್ಲದೆ, ಇಂಥ ದೊಡ್ಡ ಗ್ರಂಥವನ್ನು ಮತ್ತೆ ಮತ್ತೆ ಓದುವವರು ಇದನ್ನು ಕೊಳ್ಳಬಹುದು. ಜೊತೆಗೆ ಒಂದು ನೋಟ್‌ಬುಕ್ಕನ್ನೂ ಕೊಳ್ಳಲೇಬೇಕು. ಕೊಂಡ ಮೊದಲ ದಿನವೇ ಅಕ್ಷರದ ಮೇಲೆ ಚುಕ್ಕೆಯಿರುವ ಒಂದು ಹೆಸರನ್ನು ಚುಕ್ಕೆಯಿಲ್ಲದೆ ಕೊಟ್ಟು ಹುಡುಕಿ ನೋಡಿರಿ, ಸೊನ್ನೆ ಬಂದರೆ ಹಿಂದಿರುಗಿಸುವ ಗಡುವಿನೊಳಗೆ ಹಿಂದಿರುಗಿಸಿರಿ. ನನ್ನ ನೋಟ್‌ಬುಕ್ಕಿನಲ್ಲಿ ಈಗ ನೂರ ಎಂಬತ್ತು ಪುಟ ತುಂಬಿದೆ. ಪುತ್ತರಿ ಹಬ್ಬಕ್ಕೆ ಬರುವ ಅಣ್ಣನ ಮಗ ಇನ್ನೊಂದನ್ನು ತರುವುದಾಗಿ ಹೇಳಿದ್ದಾನೆ. ಎಲ್ಫ್‌ಗಳ ನಗರ ಗೊಂಡೋಲಿನ್ ಬಿದ್ದಾಗ ಪಾರಾಗುವ ದಾರಿಯಲ್ಲಿ ಬಾಲ್ರಾಗ್‌ನೊಡನೆ ಕಾದು ಸತ್ತ ಗ್ಲಾರ್‌ಫಿಂಡೆಲ್ ಮತ್ತು ಫ್ರೋಡೊನನ್ನು ಕುದುರೆಯ ಮೇಲೆ ಕೂರಿಸಿದ ಗ್ಲಾರ್‌ಫಿಂಡೆಲ್ ಒಬ್ಬನೇ ಎಂಬುದಕ್ಕೆ ಇರುವ ಆಧಾರಗಳನ್ನು ನಾವಿಬ್ಬರೂ ಅದರ ಮೊದಲ ಪುಟದಿಂದ ಬರೆಯಬೇಕಾಗಿದೆ.