ಸೀಟಿನ ಕೆಳಗಿನ ಜಾಗ ಖಾಲಿ ಮಾಡಿಸುವ ಮುನ್ನ: ಕೆಫೆ ರೇಸರ್ ಆಸೆ ಇರುವವರಿಗೆ

ಕೆಫೆ ರೇಸರ್ ಎಂದರೆ ಹಳೆಯ ರೇಸ್ ಬೈಕಿನ ಧಾಟಿಗೆ ಮಾರ್ಪಡಿಸಿದ, ತಗ್ಗು ಹ್ಯಾಂಡಲಿನ ಬೈಕು. ಅದರ ಫೋಟೊ ನೋಡಿದವರ ಕಣ್ಣು ನೇರ ಹೋಗಿ ನಿಲ್ಲುವುದು ಸೀಟಿನ ಕೆಳಗಿನ ತ್ರಿಕೋನದಲ್ಲಿ. ಅಲ್ಲಿ ಏನೂ ಇರುವುದಿಲ್ಲ, ಆಚೆ ಬದಿಯ ಗೋಡೆ ಕಾಣುತ್ತಿರುತ್ತದೆ. ಬೈಕು ಹಗುರವಾಗಿ, ಚುರುಕಾಗಿ ಕಾಣುವುದೇ ಆ ಖಾಲಿಯಿಂದ. ಆದರೆ ಕಂಪನಿಯಿಂದ ಬಂದಾಗ ಅದೇ ಜಾಗದಲ್ಲಿ ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಏರ್ ಬಾಕ್ಸ್, ಬ್ಯಾಟರಿ, ಚಾರ್ಜಿಂಗ್ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್, ಫ್ಯೂಸು, ಅರ್ಧ ವೈರಿಂಗ್ ಎಲ್ಲ ಇತ್ತು. ಅದನ್ನೆಲ್ಲ ಎಲ್ಲಿಗೆ ಸಾಗಿಸಿದರು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕೇಳದೆ ಮಾಡಿಸಿದ ಒಂದು ಬೈಕಿನ ಪಾಡು ಇದು. 1980ರ ದಶಕದ ಅವಳಿ ಸಿಲಿಂಡರ್ ಎಂಜಿನ್, ಎರಡು ವ್ಯಾಕ್ಯೂಮ್ ಕಾರ್ಬರೇಟರ್. ಏರ್ ಬಾಕ್ಸ್ ತೆಗೆದು ಕಾರ್ಬರೇಟರಿನ ಬಾಯಿಗೇ ಸಿಕ್ಕಿಸುವ ಪಾಡ್ ಫಿಲ್ಟರ್, ಚಾಸಿಯ ಹಿಂಭಾಗ ಕತ್ತರಿಸಿ ಬಾಗಿದ ಪೈಪಿನ ಹೊಸ ಬಳೆ, ಗಿಡ್ಡ ಶಾಕ್ ಅಬ್ಸಾರ್ಬರ್, ಚಪ್ಪಟೆ ಕಂದು ಸೀಟು, ಮುಂದಿನ ಫೋರ್ಕಿಗೇ ಬಿಗಿಯುವ ತಗ್ಗು ಕ್ಲಿಪ್ ಆನ್ ಹ್ಯಾಂಡಲ್. ಫೋಟೊದಲ್ಲಿ ಒಂದು ಕುಂದಿಲ್ಲ. ರಸ್ತೆಗಿಳಿದ ಮೇಲೆ ಒಂದೊಂದೇ ಶುರುವಾಯಿತು.

ಮೊದಲು ಕೈಕೊಟ್ಟಿದ್ದು ಪಿಕಪ್. ಐಡ್ಲಿಂಗ್ ಸರಿ, ನಿಧಾನಕ್ಕೆ ಹೋದರೆ ಸರಿ. ಓವರ್‌ಟೇಕ್ ಮಾಡಲೆಂದು ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಮುಕ್ಕರಿಸುತ್ತದೆ, ಸ್ವಲ್ಪ ಬಿಟ್ಟರೆ ಮತ್ತೆ ಎಳೆಯುತ್ತದೆ. ಗ್ಯಾರೇಜಿನವರು ಪೆಟ್ರೋಲ್ ಹಾಯಿಸುವ ಮೇನ್ ಜೆಟ್ ದೊಡ್ಡದು ಹಾಕಿದರು, ಇನ್ನೂ ದೊಡ್ಡದು ಹಾಕಿದರು. ಪ್ಲಗ್ ಮಸಿ ಹಿಡಿಯಿತು, ಮುಕ್ಕರಿಕೆ ಹೋಗಲಿಲ್ಲ. ಹೋಗುವುದೂ ಇಲ್ಲ, ಏಕೆಂದರೆ ತೊಂದರೆ ಜೆಟ್‌ನಲ್ಲಿ ಇರಲಿಲ್ಲ. ವ್ಯಾಕ್ಯೂಮ್ ಕಾರ್ಬರೇಟರಿನಲ್ಲಿ ಕೇಬಲ್ ತೆರೆಯುವುದು ಒಳಗಿನ ತಟ್ಟೆಯನ್ನು ಮಾತ್ರ. ಗಾಳಿಯ ದಾರಿಯಲ್ಲಿ ಏರಿಳಿಯುವ ಸ್ಲೈಡನ್ನು ಮೇಲೆತ್ತುವುದು ತೆಳು ರಬ್ಬರ್ ಪೊರೆಯಾದ ಡಯಾಫ್ರಮ್‌ನ ಮೇಲೆ ಕೆಳಗೆ ಇರುವ ಒತ್ತಡದ ವ್ಯತ್ಯಾಸ. ಡಯಾಫ್ರಮ್‌ನ ಕೆಳಭಾಗಕ್ಕೆ ಹೊರಗಿನ ಒತ್ತಡ ತಲುಪುವ ದಾರಿ, ಹಲವು ಮಾದರಿಗಳಲ್ಲಿ, ಕಾರ್ಬರೇಟರಿನ ಬಾಯಂಚಿನಲ್ಲೇ ಇರುವ ಸಣ್ಣ ತೂತು. ಪಾಡ್ ಫಿಲ್ಟರ್ ಕಳಚಿ ಟಾರ್ಚ್ ಬಿಟ್ಟು ನೋಡಿದಾಗ, ಅದರ ರಬ್ಬರಿನ ಒಳತುಟಿ ಆ ತೂತಿನ ಮೇಲೆಯೇ ಕೂತು ಒತ್ತಿದ ಗುರುತು ಎರಡರಲ್ಲೂ ಕಂಡಿತು. ಸ್ಲೈಡ್ ಎದ್ದರೆ ತಾನೆ ಅದಕ್ಕೆ ತಗಲಿದ, ಪೆಟ್ರೋಲಿಗೆ ದಾರಿ ಬಿಡುವ ಸೂಜಿ ಏಳುವುದು!

ಏರ್ ಬಾಕ್ಸ್ ಉಳಿಸಿಕೊಳ್ಳುವುದೇ ಜಾಣತನ. ಪಾಡ್ ಬೇಕೇ ಬೇಕೆಂದರೆ ಒಳತುಟಿ ಇಲ್ಲದ, ಬಾಯಂಚನ್ನು ಮುಚ್ಚದ ಜಾತಿಯದನ್ನು ಹುಡುಕಿ. ಆಮೇಲಷ್ಟೇ ಜೆಟ್‌ಗೆ ಕೈ ಹಾಕಿ: ಮೇನ್ ಜೆಟ್ ಎರಡು ಮೂರು ಸೈಜ್ ಮೇಲೆ, ಸೂಜಿಯ ಕೆಳಗೆ 0.5ರಿಂದ 1 ಮಿ.ಮೀ. ವಾಷರ್, ಇದು ಆರಂಭಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಪ್ಲಗ್ ತೆಗೆದು ಬಣ್ಣ ನೋಡಬೇಕು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು. ಹಾಗೇ ಓಡಿಸಿದರೆ ಪಿಸ್ಟನ್‌ಗೇ ಸಂಚಕಾರ.

ಇಲ್ಲೊಂದು ತಮಾಷೆ ಇದೆ. 1960ರ ದಶಕದ ಇಂಗ್ಲೆಂಡಿನ ಹುಡುಗರು ನಾರ್ಟನ್ ಫೆದರ್‌ಬೆಡ್ ಚಾಸಿಗೆ ಟ್ರಯಂಫ್ ಎಂಜಿನ್ ಕೂರಿಸಿ ‘ಟ್ರೈಟನ್’ ಎಂಬ ಕೆಫೆ ರೇಸರ್ ಕಟ್ಟಿಕೊಂಡರಲ್ಲ, ಅವರ ಅಮಲ್ ಕಾರ್ಬರೇಟರಿನಲ್ಲಿ ಸ್ಲೈಡನ್ನು ಕೇಬಲ್ಲೇ ನೇರ ಎತ್ತುತ್ತಿತ್ತು. ಫಿಲ್ಟರ್ ಇಲ್ಲದ ಬರೀ ಬಾಯಿಯಿಂದಲೂ ಅದು ಕೆಲಸ ಮಾಡುತ್ತಿತ್ತು. ಇನ್ನು ಖಾಲಿ ತ್ರಿಕೋನದ ಮಾತಿಗೆ ಬಂದರೆ, ಆ ಎಂಜಿನ್ನುಗಳಿಗೆ ಎಣ್ಣೆ ಟ್ಯಾಂಕ್ ಬೇರೆಯೇ ಇರುತ್ತಿತ್ತು, ಸಾಮಾನ್ಯವಾಗಿ ಸೀಟಿನ ಕೆಳಗೆ. ಮೂಲದಲ್ಲೇ ಇಲ್ಲದ ಖಾಲಿಯನ್ನು ನಾವು ಕಾಪಿ ಮಾಡುತ್ತಿದ್ದೇವೆ.

ಎರಡನೆಯದು ಬ್ಯಾಟರಿ. ಮಾಮೂಲಿ ಬ್ಯಾಟರಿಗೆ ಜಾಗ ಇಲ್ಲದ್ದರಿಂದ ಅಂಗೈಯಗಲದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೀಟಿನ ಹಿಂತುದಿಯ ಗೂನಿನೊಳಗೆ ತುರುಕಿದ್ದರು, ಪಕ್ಕದಲ್ಲೇ ಹಳೆಯ ರೆಗ್ಯುಲೇಟರ್. ಈ ಬ್ಯಾಟರಿಯಲ್ಲಿ ನಾಲ್ಕು ಸೆಲ್, ಒಂದೊಂದಕ್ಕೆ 3.65 ವೋಲ್ಟ್ ಮಿತಿ, ಒಟ್ಟು 14.6. ಹಳೆಯ ರೆಗ್ಯುಲೇಟರ್ ಹಾಳಾಗುತ್ತಾ ಬಂದರೆ 15 ದಾಟಿಸಬಹುದು. ಆಸಿಡ್ ಬ್ಯಾಟರಿ ಅದನ್ನು ನೀರು ಕುದಿಸಿಕೊಂಡು ಕೆಲಕಾಲ ಸಹಿಸುತ್ತದೆ, ಲಿಥಿಯಂ ಸಹಿಸುವುದಿಲ್ಲ. ಈ ಬೈಕಿನದು ದಿಂಬಿನಂತೆ ಊದಿಕೊಂಡಿತ್ತು. ಹೆಚ್ಚಿನ ಕರೆಂಟನ್ನು ಶಾಖವಾಗಿ ಕಳೆಯುವ ರೆಗ್ಯುಲೇಟರಿಗೆ ಗಾಳಿ ತಾಗುವ ಜಾಗ ಬೇಕು. ರೆಕ್ಸಿನ್ ಕೆಳಗೆ ಮುಚ್ಚಿಟ್ಟರೆ ಅದೂ ಸಾಯುತ್ತದೆ, ಬ್ಯಾಟರಿಯನ್ನೂ ಸಾಯಿಸುತ್ತದೆ. ಬೈಕು ಕೈಗೆ ಬಂದ ದಿನವೇ ಮೀಟರ್ ಹಿಡಿದು 4,000ದಿಂದ 5,000 ಆರ್‌ಪಿಎಂನಲ್ಲಿ ವೋಲ್ಟೇಜ್ ನೋಡಿ. 13.8ರಿಂದ 14.4ರ ಒಳಗಿರಬೇಕು.

ಜೀವಕ್ಕೆ ಬರುವಂಥದ್ದು ಇದ್ದದ್ದು ಹಿಂಭಾಗದಲ್ಲಿ. ಸೀಟು ತಗ್ಗಿಸಿ, ಶಾಕ್ ಗಿಡ್ಡ ಮಾಡಿದ ಮೇಲೆ ದೊಡ್ಡ ಗುಂಡಿಗೆ ಇಳಿದಾಗಲೆಲ್ಲ ಟೈರು ಸೀಟಿನ ತಗಡಿಗೆ ಉಜ್ಜುತ್ತಿತ್ತು. ಅದೇ ತಗಡಿನ ಅಡಿಗೆ ಪ್ಲಾಸ್ಟಿಕ್ ಟ್ಯಾಗ್ ಹಾಕಿ ವೈರಿಂಗ್ ಬಿಗಿದಿದ್ದರು. ಬ್ರೇಕ್ ಲೈಟಿನ ವೈರಿನ ತೊಗಲು ಸವೆದು ತಾಮ್ರ ತಗಡಿಗೆ ತಾಗಿತು. ಇಡೀ ಬೈಕಿಗೆ ಇದ್ದದ್ದು ಒಂದೇ ಫ್ಯೂಸ್. ಕತ್ತಲಲ್ಲಿ, ಓಡುತ್ತಿರುವಾಗಲೇ ಹೆಡ್‌ಲೈಟೂ ಎಂಜಿನ್ನೂ ಒಟ್ಟಿಗೆ ಬಂದ್.

ಇದನ್ನು ಮೊದಲೇ ಪತ್ತೆ ಮಾಡಲು ಅರ್ಧ ಗಂಟೆ ಸಾಕು. ಎರಡೂ ಶಾಕ್ ಬಿಚ್ಚಿ. ಶಾಕ್‌ನ ಒಟ್ಟು ಉದ್ದದಲ್ಲಿ ಅದು ಪೂರ್ತಿ ಒತ್ತಿಕೊಳ್ಳುವಷ್ಟನ್ನು ಕಳೆದರೆ ಬರುವ ಅಳತೆ ಶಾಕ್ ಕೂರುವ ಎರಡು ಕೊಂಡಿಗಳ ನಡುವೆ ಉಳಿಯುವಂತೆ ಚಕ್ರವನ್ನು ಜ್ಯಾಕ್‌ನಲ್ಲಿ ಎತ್ತಿ. ಆಗಲೂ ಟೈರಿಗೂ ಮೇಲಿನ ಯಾವುದೇ ವಸ್ತುವಿಗೂ ನಡುವೆ 25 ಮಿ.ಮೀ. ಇರಲಿ. ಇಲ್ಲದಿದ್ದರೆ ಸೀಟು ಎತ್ತರಿಸಬೇಕು, ಬೇರೆ ದಾರಿಯಿಲ್ಲ. ಲೈಟು, ಇಗ್ನಿಷನ್, ಹಾರ್ನ್ ಮೂರಕ್ಕೂ ಬೇರೆ ಬೇರೆ ಫ್ಯೂಸ್ ಕೇಳಿ. ಹಿಂಭಾಗ ತಗ್ಗಿದರೆ ಸೈಡ್ ಸ್ಟ್ಯಾಂಡ್ ಬೇಕಾದ್ದಕ್ಕಿಂತ ಉದ್ದವಾಗಿ ಬೈಕು ನೆಟ್ಟಗೆ ನಿಲ್ಲುತ್ತದೆ, ಗಾಳಿಗೂ ಮಗುಚುತ್ತದೆ. ಈ ಬೈಕಿನ ಟ್ಯಾಂಕಿಗೆ ನೆಗ್ಗು ಬಿದ್ದದ್ದು ಹೀಗೆ.

ಬಳೆಯ ವೆಲ್ಡಿಂಗ್ ಕೂಡ ಪೈಪಿನ ತುದಿಗೆ ತುದಿ ಹಚ್ಚಿ ಮೇಲೆ ಪುಟ್ಟಿ ಬಳಿದದ್ದು. ವೆಲ್ಡ್ ಪಕ್ಕದಲ್ಲಿ, ಕೂದಲೆಳೆಯಷ್ಟು ತುಕ್ಕಿನ ಗೆರೆ ಮೂಡಿತ್ತು, ಒಳಗೆ ಬಿರುಕು. ಸರಿಯಾದ ಕ್ರಮವೆಂದರೆ ಪೈಪಿನೊಳಗೆ ಬಿಗಿಯಾಗಿ ಕೂರುವ ಉಕ್ಕಿನ ತುಂಡನ್ನು ಎರಡೂ ಕಡೆ 40ರಿಂದ 50 ಮಿ.ಮೀ. ಒಳಗೆ ಹೋಗುವಂತೆ ಇಟ್ಟು, ಪೈಪಿಗೆ ತೂತು ಕೊರೆದು ಅಲ್ಲೂ ವೆಲ್ಡ್ ತುಂಬಿ, ಆಮೇಲೆ ಸುತ್ತ ವೆಲ್ಡ್ ಮಾಡುವುದು. ಶಾಕ್ ಕೂರುವ ಕೊಂಡಿಗಿಂತ ಮುಂದೆ ಗ್ರೈಂಡರ್ ತಾಗಲೇಬಾರದು. ಪೇಂಟ್ ಹೊಡೆಯುವ ಮೊದಲೇ ಹೋಗಿ ನೋಡಿ. ಪೇಂಟ್ ಆದ ಮೇಲೆ ಎಲ್ಲ ವೆಲ್ಡಿಂಗೂ ಚೆಂದವೇ.

ಉಳಿದವು ಚಿಲ್ಲರೆ, ಆದರೆ ಚಿಲ್ಲರೆಯೂ ಕಾಡುತ್ತದೆ. ಕ್ಲಿಪ್ ಆನ್ ಹಾಕಿದ ಮೇಲೆ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಬಾರದು, ಐಡ್ಲಿಂಗ್ ಏರಬಾರದು. ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಸೈಲೆನ್ಸರ್ ಪೈಪಿಗೆ ಸುತ್ತುವ ಬಟ್ಟೆ ಮಳೆನೀರು ಹೀರಿ ಹಿಡಿದುಕೊಂಡು ಕೆಳಗೇ ತುಕ್ಕು ಹಿಡಿಸುತ್ತದೆ. ಚಾಸಿ ಕತ್ತರಿಸುವುದಕ್ಕೆ ನಿಮ್ಮಲ್ಲಿ ಅನುಮತಿ ಬೇಕೇ, ವಿಮೆಗೆ ತಿಳಿಸಬೇಕೇ ಎಂಬುದನ್ನು ಕತ್ತರಿಸುವ ಮೊದಲೇ ವಿಚಾರಿಸಿಕೊಳ್ಳಿ.

ಈ ಬೈಕನ್ನು ವಾಪಸ್ ಮೊದಲಿನಂತೆ ಮಾಡಲು ಹೊರಟಾಗ ಏರ್ ಬಾಕ್ಸೇ ಸಿಗಲಿಲ್ಲ. ಬಿಚ್ಚಿದ್ದನ್ನೆಲ್ಲ ಗುಜರಿಗೆ ಹಾಕಿಬಿಟ್ಟಿದ್ದರು. ಇಷ್ಟು ಹಳೆಯ ಮಾದರಿಗೆ ಹೊಸದು ತಯಾರಾಗುವುದೂ ಇಲ್ಲ. ಕೆಲಸ ಒಪ್ಪಿಸುವ ದಿನವೇ ಒಂದು ಖಾಲಿ ಡಬ್ಬ ಕೊಟ್ಟು ಬನ್ನಿ. ಏರ್ ಬಾಕ್ಸ್, ಅದರ ರಬ್ಬರ್ ಕೊಳವೆಗಳು, ಹಳೆಯ ಜೆಟ್‌ಗಳು, ಉದ್ದದ ಶಾಕ್, ಕತ್ತರಿಸಿದ ಪೈಪಿನ ತುಂಡೂ ಸೇರಿ ಎಲ್ಲ ಅದರಲ್ಲಿ ವಾಪಸ್ ಬರಬೇಕು, ಬಾಕಿ ಹಣ ಆಮೇಲೆ ಎಂದು ಹೇಳಿ ಬನ್ನಿ.