ವಿಶ್ವದ ಪ್ರಶ್ನೆಗಳು ಮತ್ತು ಸ್ಟ್ಯಾನ್‌ಫರ್ಡ್ ತತ್ತ್ವಶಾಸ್ತ್ರ ವಿಶ್ವಕೋಶ: ಒಂದು ವಿಮರ್ಶೆ

ವಿಶ್ವಕ್ಕೆ ಆರಂಭವೆಂಬುದು ಇತ್ತೇ, ಇದ್ದರೆ ಅದಕ್ಕೊಬ್ಬ ಕರ್ತೃ ಬೇಕೇ, ಏನೂ ಇಲ್ಲದಿರುವ ಬದಲು ಇಷ್ಟೆಲ್ಲ ಏಕೆ ಇದೆ ಎಂಬ ಪ್ರಶ್ನೆಗಳಿಗೆ ಇಂಟರ್ನೆಟ್ಟಿನಲ್ಲಿ ಉತ್ತರಕ್ಕೇನೂ ಬರವಿಲ್ಲ. ವಿಶ್ವ ಅತಿ ಸಾಂದ್ರವಾದ ಬಿಸಿ ಸ್ಥಿತಿಯಿಂದ ಹಿಗ್ಗುತ್ತ ಬಂದಿದೆ ಎನ್ನುವ ಬಿಗ್ ಬ್ಯಾಂಗ್ ಸಿದ್ಧಾಂತ ಬಂದ ಮೇಲೆ ದೇವರಿಗೆ ಕೆಲಸವೇ ಉಳಿಯಲಿಲ್ಲ ಎನ್ನುವ ವೀಡಿಯೋಗಳೂ ಅದೆಲ್ಲ ವೇದದಲ್ಲಿ ಮೊದಲೇ ಇತ್ತು ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳೂ ಧಾರಾಳವಾಗಿ ಸಿಗುತ್ತವೆ. ಇವೆರಡರಿಂದಲೂ ಬೇಸತ್ತವರಿಗೆ ನಾನು ಸೂಚಿಸುವುದು ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ಎಂಬ ಜಾಲತಾಣವನ್ನು. ಎಡ್ವರ್ಡ್ ಝಾಲ್ಟಾ ಅವರ ಸಂಪಾದಕತ್ವದಲ್ಲಿ 1995ರಲ್ಲಿ ಆರಂಭವಾದ ಈ ವಿಶ್ವಕೋಶದ ಲೇಖನಗಳನ್ನು ಆಯಾ ವಿಷಯದ ವಿದ್ವಾಂಸರೇ ಬರೆಯುತ್ತಾರೆ, ಪ್ರಕಟಣೆಗೆ ಮೊದಲು ಬೇರೆ ವಿದ್ವಾಂಸರು ಪರಿಶೀಲಿಸುತ್ತಾರೆ, ಕೆಲವು ವರ್ಷಗಳಿಗೊಮ್ಮೆ ಅವುಗಳ ಪರಿಷ್ಕರಣೆಯೂ ಆಗುತ್ತದೆ. ಓದಲು ಹಣ ಕೊಡಬೇಕಿಲ್ಲ, ಜಾಹೀರಾತುಗಳ ಕಾಟವಿಲ್ಲ. ಇಡೀ ಕೋಶವನ್ನು ಅಳೆಯುವುದು ಇಲ್ಲಿ ನನ್ನ ಉದ್ದೇಶವಲ್ಲ. ಭೌತವಿಜ್ಞಾನ, ತತ್ತ್ವಶಾಸ್ತ್ರ ಮತ್ತು ದೇವತಾಶಾಸ್ತ್ರ ಮೂರೂ ಹಕ್ಕು ಹೂಡುವ ಈ ಪ್ರಶ್ನೆಗಳನ್ನು ಅದು ಹೇಗೆ ನಿಭಾಯಿಸಿದೆ ಎಂಬುದನ್ನಷ್ಟೇ ನೋಡಿದ್ದೇನೆ.

ಮೊದಲು ಓದಬೇಕಾದದ್ದು ವಿಶ್ವವಿಜ್ಞಾನ ಮತ್ತು ದೇವತಾಶಾಸ್ತ್ರದ ಸಂಬಂಧವನ್ನು ಕುರಿತು ಹಾನ್ಸ್ ಹಾಲ್ವರ್ಸನ್ ಮತ್ತು ಹೆಲ್ಗೆ ಕ್ರಾಗ್ ಬರೆದಿರುವ ಲೇಖನ. ಇವರಲ್ಲಿ ಒಬ್ಬರು ಭೌತವಿಜ್ಞಾನದ ತತ್ತ್ವಜ್ಞರು, ಇನ್ನೊಬ್ಬರು ವಿಜ್ಞಾನದ ಇತಿಹಾಸಕಾರರು; ಹಾಗಾಗಿ ವಾದಗಳು ಗಾಳಿಯಲ್ಲಿ ತೇಲದೆ, ಯಾರು ಯಾವಾಗ ಏಕೆ ಹೇಳಿದರು ಎಂಬ ಸಂದರ್ಭದೊಂದಿಗೇ ಬರುತ್ತವೆ. ಜಾರ್ಜ್ ಲೆಮೇತ್ರ್ ಅವರ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ಬೆಲ್ಜಿಯಂನ ಈ ಕ್ಯಾಥೊಲಿಕ್ ಪಾದ್ರಿ 1927ರಲ್ಲಿ ವಿಶ್ವ ಹಿಗ್ಗುತ್ತಿದೆಯೆಂದು ಐನ್‌ಸ್ಟೈನರ ಸಮೀಕರಣಗಳಿಂದ ತೋರಿಸಿದವರು; 1931ರಲ್ಲಿ ಎಲ್ಲವೂ ಒಂದು ಆದಿಪರಮಾಣುವಿನಿಂದ ಹೊರಟಿರಬೇಕೆಂದು ಸೂಚಿಸಿದವರು. 1951ರ ನವೆಂಬರಿನಲ್ಲಿ ಹನ್ನೆರಡನೆಯ ಪಯಸ್ ಪೋಪರು ಆಧುನಿಕ ವಿಜ್ಞಾನವೇ ಸೃಷ್ಟಿಗೆ ಸಾಕ್ಷಿ ನುಡಿಯುತ್ತಿದೆ ಎಂಬರ್ಥದ ಭಾಷಣ ಮಾಡಿದಾಗ, ಅದರಿಂದ ಹಿಗ್ಗಬೇಕಿದ್ದ ಈ ಪಾದ್ರಿಗೆ ಅದು ಸರಿಬರಲಿಲ್ಲ. ತಮ್ಮ ಸಿದ್ಧಾಂತ ದೇವರ ಪ್ರಶ್ನೆಯ ಹೊರಗೇ ನಿಲ್ಲುತ್ತದೆ, ಆಸ್ತಿಕನೂ ನಾಸ್ತಿಕನೂ ಅದನ್ನು ಸಮಾನವಾಗಿ ಒಪ್ಪಬಹುದು ಎಂಬುದು ಅವರ ನಿಲುವಾಗಿತ್ತು. ಮರುವರ್ಷ ರೋಮ್‌ನಲ್ಲಿ ಖಗೋಳವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದಾಗ ಪೋಪರು ಆ ವಾದವನ್ನು ಮತ್ತೆ ಎತ್ತಲಿಲ್ಲ. ಅತ್ತ ನಾಸ್ತಿಕರಾದ ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರಿಗೆ ಆರಂಭವೆಂಬ ಕಲ್ಪನೆಯೇ ಹಿಡಿಸದೆ, 1948ರಲ್ಲಿ ಅವರೂ ಬೊಂಡಿ ಮತ್ತು ಗೋಲ್ಡ್ ಎಂಬ ಇಬ್ಬರೂ ಆದಿಯಿಲ್ಲದ ಸ್ಥಿರಸ್ಥಿತಿಯ ವಿಶ್ವವನ್ನು ಮುಂದಿಟ್ಟರು. (ಹಾಯ್ಲ್ ಅವರ ಶಿಷ್ಯರಾಗಿದ್ದ ನಮ್ಮ ಜಯಂತ ನಾರ್ಳೀಕರರು ಆ ದಾರಿಯನ್ನು ಪರಿಷ್ಕರಿಸಿದ ರೂಪದಲ್ಲಿ ಬಹುಕಾಲ ಮುಂದುವರಿಸಿದರು.) ಆ ವಿವಾದವನ್ನು ಬಹುಮಟ್ಟಿಗೆ ಮುಗಿಸಿದ್ದು ಪಾದ್ರಿಯ ನಂಬಿಕೆಯೂ ಅಲ್ಲ, ಹಾಯ್ಲ್ ಅವರ ಅಪನಂಬಿಕೆಯೂ ಅಲ್ಲ, 1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾಕ್ಕೆ ಸಿಕ್ಕಿದ, ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ, ವಿಶ್ವದ ಆರಂಭಕಾಲದ ಬಿಸಿಯ ಅವಶೇಷವೆಂದು ಗುರುತಿಸಲಾದ ಸೂಕ್ಷ್ಮತರಂಗ ವಿಕಿರಣ.

ನನಗೆ ಈ ಕೋಶ ಮೆಚ್ಚುಗೆಯಾಗಲು ಮುಖ್ಯ ಕಾರಣವೂ ಇದೇ. ಮೂರು ಶಾಸ್ತ್ರಗಳು ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಡುತ್ತಿವೆ ಎಂಬ ಭ್ರಮೆಯನ್ನು ಅದು ಬೆಳೆಸುವುದಿಲ್ಲ. ಸುಮಾರು 1380 ಕೋಟಿ ವರ್ಷಗಳ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳು ಒಂದು ಹಂತದಲ್ಲಿ ಕೈಚೆಲ್ಲುತ್ತವೆ. ಆ ಹಂತವನ್ನು ಸೃಷ್ಟಿಯ ಕ್ಷಣವೆಂದು ಕರೆಯುವ ಮೊದಲು, ಅದು ಕಾಲದೊಳಗೆ ನಡೆದ ಒಂದು ಘಟನೆಯೇ ಅಥವಾ ನಮ್ಮ ಸಿದ್ಧಾಂತದ ಮಿತಿಯೇ ಎಂದು ಕೇಳಬೇಕಾಗುತ್ತದೆ. ಹಾಗೆ ಕೇಳುವುದು ತತ್ತ್ವಶಾಸ್ತ್ರದ ಕೆಲಸ. ದೇವತಾಶಾಸ್ತ್ರದೊಳಗೂ ಸೃಷ್ಟಿಯೆಂದರೆ ಮೊದಲ ದಿನದ ಕೆಲಸವೆಂದೇ ಅರ್ಥವಲ್ಲ. ವಿಶ್ವಕ್ಕೆ ಆರಂಭವಿತ್ತೆಂಬುದನ್ನು ತರ್ಕದಿಂದ ಸಾಧಿಸಲಾಗದೆಂದೂ ಅನಾದಿಯಾದ ವಿಶ್ವವೂ ದೇವರನ್ನೇ ಆಶ್ರಯಿಸಿರಬಹುದೆಂದೂ 13ನೆಯ ಶತಮಾನದಲ್ಲೇ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಾದಿಸಿದ್ದರು. ಈ ಮಾತು ತಿಳಿದವರಿಗೆ ಟಿವಿಯಲ್ಲಿ ನಡೆಯುವ ವಿಜ್ಞಾನಿ ಮತ್ತು ಸ್ವಾಮೀಜಿಗಳ ಚರ್ಚೆಗಳು ಅರ್ಧದಷ್ಟು ಅನಾವಶ್ಯಕವೆನಿಸುತ್ತವೆ.

ವಿಶ್ವವಿಜ್ಞಾನದ ತತ್ತ್ವಶಾಸ್ತ್ರವನ್ನು ಕುರಿತು ಕ್ರಿಸ್ಟೊಫರ್ ಸ್ಮೀಂಕ್ ಮತ್ತು ಜಾರ್ಜ್ ಎಲಿಸ್ ಬರೆದ ಲೇಖನ ಇದಕ್ಕಿಂತ ಕಠಿಣ. ನಮಗೆ ಗೊತ್ತಿರುವ ವಿಶ್ವ ಒಂದೇ, ಅದರೊಳಗೇ ನಾವಿದ್ದೇವೆ, ಅದನ್ನು ಇನ್ನೊಮ್ಮೆ ನಡೆಸಿ ನೋಡುವಂತಿಲ್ಲ. ಬೆಳಕಿಗೆ ವೇಗದ ಮಿತಿಯಿರುವುದರಿಂದ ಅದರ ಒಂದು ಭಾಗವನ್ನಷ್ಟೇ ಕಾಣುತ್ತೇವೆ. ಹೀಗಿರುವಾಗ ಇಡೀ ವಿಶ್ವಕ್ಕೆ ಅನ್ವಯಿಸುವ ನಿಯಮವೆಂದರೆ ಏನು ಎಂಬ ಪ್ರಶ್ನೆಯನ್ನು ಅಷ್ಟು ಪ್ರಾಮಾಣಿಕವಾಗಿ ಎದುರಿಸುವ ಬರಹ ಜನಪ್ರಿಯ ವಿಜ್ಞಾನದಲ್ಲಿ ಅಪರೂಪ. ಪಿಯುಸಿ ಮಟ್ಟದ ಗಣಿತವಿದ್ದರೂ ಕೆಲವು ಭಾಗಗಳನ್ನು ಬಿಟ್ಟು ಓದಬೇಕಾದೀತು. ಹಾಗೆ ಬಿಟ್ಟರೆ ನಷ್ಟವೇನೂ ಇಲ್ಲ.

ಜಗತ್ತಿನಿಂದ ಜಗತ್ಕಾರಣನನ್ನು ಊಹಿಸುವ ವಾದವನ್ನು ಕುರಿತ ಬ್ರೂಸ್ ರೈಖನ್‌ಬಾಖ್ ಅವರ ಲೇಖನ ಅಚ್ಚುಕಟ್ಟಾಗಿದೆ, ಆದರೆ ನನ್ನ ಆಕ್ಷೇಪ ಏಳುವುದೂ ಅಲ್ಲೇ. ಅದರ ಚೌಕಟ್ಟು ಗ್ರೀಕ್, ಇಸ್ಲಾಮಿಕ್ ಮತ್ತು ಕ್ರೈಸ್ತ ಪರಂಪರೆಗಳದ್ದು. ಭೂಮಿ, ಮೊಳಕೆ ಮುಂತಾದವು ಕಾರ್ಯಗಳು, ಆದ್ದರಿಂದ ಮಡಕೆಗಿರುವಂತೆ ಅವಕ್ಕೂ ಒಬ್ಬ ಕರ್ತೃ ಇರಲೇಬೇಕು ಎಂಬ ನೈಯಾಯಿಕರ (ನ್ಯಾಯದರ್ಶನದ ತಾರ್ಕಿಕರ) ಅನುಮಾನ, ಅಂದರೆ ತರ್ಕದಿಂದ ಊಹಿಸುವ ವಾದ, ನಮ್ಮಲ್ಲಿ ಶತಮಾನಗಳ ಕಾಲ ಚರ್ಚೆಯಾಗಿದೆ. ವೇದವಾಕ್ಯಗಳ ಅರ್ಥವಿಚಾರವೇ ಮುಖ್ಯವಾಗಿದ್ದ ಮೀಮಾಂಸಕರು ಜಗತ್ತಿಗೆ ಒಟ್ಟಾಗಿ ಸೃಷ್ಟಿಯೂ ಇಲ್ಲ, ಪ್ರಳಯವೂ ಇಲ್ಲ ಎಂದರು. ಇನ್ನೂ ಕುತೂಹಲಕರವಾದದ್ದು ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ನಿಲುವು. ಪರಮ ಆಸ್ತಿಕರಾದ ಅವರೇ ಬ್ರಹ್ಮಸೂತ್ರಗಳಿಗೆ ಬರೆದ ಶ್ರೀಭಾಷ್ಯದಲ್ಲಿ ಈ ಅನುಮಾನವನ್ನು ಮುರಿಯುತ್ತಾರೆ: ಜಗತ್ತೆಲ್ಲ ಒಂದೇ ಸಲ ಒಬ್ಬನಿಂದಲೇ ಆಯಿತೆನ್ನಲು ಪ್ರಮಾಣವೇನು, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕರ್ತೃಗಳು ಏಕಿರಬಾರದು, ಕುಂಬಾರನ ದೃಷ್ಟಾಂತ ಹಿಡಿದರೆ ಕರ್ತೃವಿಗೆ ಶರೀರವೂ ಬೇಕಾಗುವುದಿಲ್ಲವೇ? ಬ್ರಹ್ಮವನ್ನು ಶಾಸ್ತ್ರದಿಂದಲೇ ತಿಳಿಯಬೇಕೆಂಬುದು ಅವರ ತೀರ್ಮಾನ. ಕರ್ತೃಗಳು ಹಲವರು ಏಕಿರಬಾರದೆಂಬ ಪ್ರಶ್ನೆಯನ್ನು ಸುಮಾರು ಆರೂವರೆ ಶತಮಾನಗಳ ನಂತರ ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್, ತೀರ ಬೇರೆ ಉದ್ದೇಶದಿಂದ, ಕೇಳಿದರು. ಶಂಕರರ ಮೇಲೆ, ಭಾರತೀಯ ಪ್ರಮಾಣಶಾಸ್ತ್ರದ (ಸರಿಯಾದ ತಿಳಿವು ಹೇಗೆ ಬರುತ್ತದೆಂಬ ವಿಚಾರದ) ಮೇಲೆ ಕೋಶದಲ್ಲಿ ಒಳ್ಳೆಯ ಪ್ರತ್ಯೇಕ ಲೇಖನಗಳಿವೆ. ಆದರೆ ಇಂಥ ಎರಡು ವಾದಗಳನ್ನು ಎದುರುಬದುರು ಕೂರಿಸುವ ಶ್ರಮವನ್ನು ಓದುಗನೇ ಪಡಬೇಕು.

ಉಳಿದ ಕೊರತೆಗಳು ಸಣ್ಣವು. ಇಂಗ್ಲಿಷು ದಟ್ಟವಾಗಿದೆ, ಚಿತ್ರಗಳು ಬಹುತೇಕ ಇಲ್ಲ, ಲೇಖನಗಳು ಉದ್ದ. ಮೊಬೈಲಿಗಿಂತ ಕಂಪ್ಯೂಟರಿನ ಪರದೆಯೇ ಕಣ್ಣಿಗೆ ಹಿತ. ಅಂದವಾದ ಪಿಡಿಎಫ್ ಪ್ರತಿ ಬೇಕೆನ್ನುವವರು ವಾರ್ಷಿಕ ಚಂದಾ ಕಟ್ಟಿ ಸದಸ್ಯರಾಗಬೇಕು, ಆದರೆ ಬ್ರೌಸರಿನಿಂದ ಮುದ್ರಿಸಿಕೊಂಡರೂ ಕೆಲಸ ನಡೆಯುತ್ತದೆ. ಕಾಲೇಜಿನ ಪ್ರಬಂಧಕ್ಕೆ ಬಳಸುವವರು ಒಂದನ್ನು ಗಮನಿಸಬೇಕು: ಲೇಖನಗಳು ಬದಲಾಗುತ್ತಿರುವುದರಿಂದ ಮೂರು ತಿಂಗಳಿಗೊಮ್ಮೆ ಇಡೀ ಕೋಶದ ಪ್ರತಿಯೊಂದನ್ನು ತೆಗೆದಿಡುವ ವ್ಯವಸ್ಥೆ ಅಲ್ಲಿದೆ, ಉಲ್ಲೇಖಿಸುವಾಗ ಆ ಪ್ರತಿಯ ಕೊಂಡಿಯನ್ನೇ ಕೊಡುವುದು ಕ್ಷೇಮ.